ಕರಾಚಿಯಿಂದ ಮದರಾಸಿಗೆ, ಬಳ್ಳಾರಿ ಮಾರ್ಗವಾಗಿ: ಜೆ.ಆರ್.ಡಿ. ಟಾಟಾ ಅವರ ಬದುಕು

1932ರ ಅಕ್ಟೋಬರ್ 15, ಶನಿವಾರ. ಬೆಳಗಿನ 6 ಗಂಟೆ 35 ನಿಮಿಷಕ್ಕೆ ಕರಾಚಿಯ ಡ್ರಿಗ್ ರೋಡ್ ವಿಮಾನ ನಿಲ್ದಾಣದಿಂದ ಒಂಟಿ ಎಂಜಿನಿನ ಪುಟ್ಟ ವಿಮಾನವೊಂದು ಆಗಸಕ್ಕೇರಿತು. ಅದರೊಳಗೆ ಇದ್ದವರು ಚಾಲಕ ಒಬ್ಬರೇ. ಜೊತೆಗಿದ್ದುದು ಅಂಚೆಯ ಚೀಲ. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯ ವಿಮಾನಗಳು ಹೊತ್ತು ತಂದಿದ್ದ ಪತ್ರಗಳು ಅಹಮದಾಬಾದ್, ಮುಂಬಯಿ, ಬಳ್ಳಾರಿ ಮಾರ್ಗವಾಗಿ ಮದರಾಸನ್ನು ಸೇರಬೇಕಾಗಿತ್ತು. ಚಾಲಕನ ವಯಸ್ಸು 28. ಹೆಸರು ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ. ಜಗತ್ತು ಮುಂದೆ ಅವರನ್ನು ಜೆ.ಆರ್.ಡಿ. ಎಂಬ ಮೂರೇ ಅಕ್ಷರಗಳಿಂದ ಗುರುತಿಸಿತು.

ಭಾರತದ ನಾಗರಿಕ ವಿಮಾನಯಾನದ ಇತಿಹಾಸ ಆರಂಭವಾಗುವುದು ಈ ಪಯಣದಿಂದ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆ ಪಯಣದ ದಾರಿಯಲ್ಲಿ ಕನ್ನಡದ ಊರೊಂದು ಇತ್ತೆಂಬ ಸಂಗತಿ ಮಾತ್ರ ನಮ್ಮ ಮಕ್ಕಳ ಕಿವಿಗೆ ಬೀಳುವುದು ಅಪರೂಪ. ಎರಡು ದೂರದ ನಿಲ್ದಾಣಗಳ ನಡುವಿನ ಅಂತರವನ್ನು ಕಿಲೋಮೀಟರುಗಳಲ್ಲಿ ಅಳೆಯುವುದು ಸುಲಭ. ಆ ಅಂತರವನ್ನು ವೇಳೆಗೆ ಸರಿಯಾಗಿ, ವಾರದಿಂದ ವಾರಕ್ಕೆ, ತಪ್ಪದೆ ದಾಟುವುದು ಬೇರೆಯೇ ಕೆಲಸ. ಜೆ.ಆರ್.ಡಿ. ಅವರ ಬದುಕಿನ ಬಹುಪಾಲು ಆ ಕೆಲಸಕ್ಕೆ ಮೀಸಲಾಗಿತ್ತು.

ಎರಡು ನಾಡುಗಳ ಕೂಸು

ಜೆ.ಆರ್.ಡಿ. ಅವರು 1904ರ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ರತನ್‌ಜಿ ದಾದಾಭಾಯಿ ಟಾಟಾ, ಟಾಟಾ ಉದ್ಯಮ ಸಮೂಹದ ಸ್ಥಾಪಕ ಜಮ್‌ಷೆಡ್‌ಜಿ ಟಾಟಾ ಅವರ ಬಂಧು ಹಾಗೂ ಸಹೋದ್ಯೋಗಿ. ತಾಯಿ ಸುಝಾನ್ ಬ್ರಿಯೇರ್ ಫ್ರೆಂಚ್ ಮಹಿಳೆ. ಬಾಲಕನ ಮೊದಲ ನುಡಿ ಫ್ರೆಂಚ್. ತಂದೆಯ ವ್ಯವಹಾರಗಳ ಕಾರಣದಿಂದ ಕುಟುಂಬವು ಫ್ರಾನ್ಸ್, ಭಾರತ, ಜಪಾನ್ ದೇಶಗಳ ನಡುವೆ ಓಡಾಡುತ್ತಿತ್ತು. ಶಾಲೆ ಬದಲಾಯಿತು, ಊರು ಬದಲಾಯಿತು, ಕಲಿಕೆಯ ಮಾಧ್ಯಮವೂ ಬದಲಾಯಿತು. ಇಂಗ್ಲಿಷನ್ನು ಅವರು ಶ್ರಮಪಟ್ಟು ಕಲಿತರು.

ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ ಹಾರ್ಡೆಲೋ ಎಂಬ ಕಡಲತೀರದ ಊರಿದೆ. ಟಾಟಾ ಕುಟುಂಬ ಬೇಸಿಗೆಯನ್ನು ಅಲ್ಲಿ ಕಳೆಯುತ್ತಿತ್ತು. 1909ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿ ಜಗತ್ಪ್ರಸಿದ್ಧನಾಗಿದ್ದ ಲೂಯಿ ಬ್ಲೇರಿಯೋ ಅಲ್ಲಿ ಅವರ ನೆರೆಯವನು. ಮರಳದಂಡೆಯ ಮೇಲೆ ಇಳಿಯುವ ವಿಮಾನಗಳನ್ನು ನೋಡುತ್ತ ಬೆಳೆದ ಹುಡುಗ ಹದಿನೈದನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ವಿಮಾನವೇರಿದ. ತಾನು ಚಾಲಕನಾಗಬೇಕೆಂಬ ಆಸೆ ಆತನಲ್ಲಿ ಅಂದೇ ಬೇರೂರಿತು.

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಬೇಕೆಂಬುದು ಅವರ ಇನ್ನೊಂದು ಹಂಬಲವಾಗಿತ್ತು. ಅದು ಕೈಗೂಡಲಿಲ್ಲ. ಫ್ರೆಂಚ್ ಸೈನ್ಯದಲ್ಲಿ ಕಡ್ಡಾಯ ಸೇವೆ ಮುಗಿಸಿದ ಮಗನನ್ನು ತಂದೆ ಮುಂಬಯಿಗೆ ಕರೆಸಿಕೊಂಡರು. 1925ರ ಡಿಸೆಂಬರಿನಲ್ಲಿ ಜೆ.ಆರ್.ಡಿ. ಟಾಟಾ ಸಂಸ್ಥೆಯಲ್ಲಿ ಸಂಬಳವಿಲ್ಲದ ಅಭ್ಯರ್ಥಿಯಾಗಿ ಸೇರಿದರು. ಮರುವರ್ಷವೇ ತಂದೆ ತೀರಿಕೊಂಡರು. ತಾಯಿ ಅದಕ್ಕೂ ಮೊದಲೇ ಇಲ್ಲವಾಗಿದ್ದರು. ಇಪ್ಪತ್ತೆರಡರ ಹರೆಯದಲ್ಲಿ ತಮ್ಮ ತಂಗಿಯರ ಹೊಣೆ ಅವರ ಹೆಗಲಿಗೆ ಬಿತ್ತು. ಪದವಿಯಿಲ್ಲದ ಕೊರಗು ಅವರನ್ನು ದೀರ್ಘಕಾಲ ಕಾಡಿತು. ಆ ಕೊರತೆಯನ್ನು ಅವರು ಓದಿನಿಂದಲೇ ತುಂಬಿಕೊಂಡರು. ಉಕ್ಕಿನ ತಯಾರಿಕೆಯಿಂದ ಲೆಕ್ಕಪತ್ರದವರೆಗೆ ತನಗೆ ತಿಳಿಯದ್ದನ್ನು ಪುಸ್ತಕ ಹಿಡಿದು ಕಲಿಯುವ ಅಭ್ಯಾಸ ಅವರಿಗಿತ್ತು. 1929ರಲ್ಲಿ ಅವರು ಫ್ರೆಂಚ್ ಪೌರತ್ವವನ್ನು ತ್ಯಜಿಸಿ ಭಾರತವನ್ನೇ ತಮ್ಮ ನಾಡಾಗಿ ಆರಿಸಿಕೊಂಡರು.

ಅದೇ ವರ್ಷದ ಫೆಬ್ರವರಿ 10ರಂದು, ಮುಂಬಯಿಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ತರಬೇತಿ ಪಡೆದಿದ್ದ ಅವರಿಗೆ ಭಾರತದಲ್ಲಿ ನೀಡಲಾದ ಮೊಟ್ಟಮೊದಲ ವಿಮಾನ ಚಾಲಕ ಪರವಾನಗಿ ದೊರೆಯಿತು. ಅದರ ಮೇಲಿದ್ದ ಸಂಖ್ಯೆ 1.

ಸೋತ ಪಂದ್ಯ

1929ರ ಕೊನೆಯಲ್ಲಿ ಆಗಾ ಖಾನ್ ಅವರು ಒಂದು ಬಹುಮಾನ ಘೋಷಿಸಿದರು. ಇಂಗ್ಲೆಂಡ್ ಮತ್ತು ಭಾರತದ ನಡುವೆ, ಯಾವ ದಿಕ್ಕಿನಲ್ಲಾದರೂ ಸರಿ, ಒಂಟಿಯಾಗಿ ವಿಮಾನ ಹಾರಿಸಿ ನಿಗದಿತ ಅವಧಿಯಲ್ಲಿ ಗುರಿ ಮುಟ್ಟುವ ಮೊದಲ ಭಾರತೀಯನಿಗೆ 500 ಪೌಂಡ್. ಮೂವರು ಯುವಕರು ಮುಂದೆ ಬಂದರು. ರಾವಲ್ಪಿಂಡಿಯ ಮನಮೋಹನ್ ಸಿಂಗ್ ಮತ್ತು ಹದಿನೇಳು ವರ್ಷದ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಭಾರತದತ್ತ ಹೊರಟರು. ಜೆ.ಆರ್.ಡಿ. 1930ರ ಮೇ ತಿಂಗಳಲ್ಲಿ ಕರಾಚಿಯಿಂದ ಇಂಗ್ಲೆಂಡಿನತ್ತ ಹೊರಟರು.

ಅಂದಿನ ಪಯಣವೆಂದರೆ ಏನೆಂಬುದನ್ನು ಇಂದಿನ ಮಕ್ಕಳಿಗೆ ವಿವರಿಸಬೇಕು. ಅವರದು ತೆರೆದ ಆಸನದ ಜಿಪ್ಸಿ ಮಾತ್ ವಿಮಾನ. ಅದರಲ್ಲಿ ನೆಲದೊಡನೆ ಮಾತಾಡುವ ರೇಡಿಯೊ ಇರಲಿಲ್ಲ. ಮಂಡಿಯ ಮೇಲೆ ನಕ್ಷೆ, ಕಣ್ಣೆದುರು ದಿಕ್ಸೂಚಿ, ಕೆಳಗೆ ಕರಾವಳಿಯೋ ರೈಲು ಹಳಿಯೋ ನದಿಯೋ ಕಂಡರೆ ಅದೇ ದಾರಿಗುರುತು. ಇಂಧನದ ತೊಟ್ಟಿ ಚಿಕ್ಕದಾದುದರಿಂದ ಕೆಲವು ನೂರು ಕಿಲೋಮೀಟರಿಗೊಮ್ಮೆ ಇಳಿಯಲೇಬೇಕು. ಕತ್ತಲಾದರೆ ಹಾರಾಟ ನಿಲ್ಲಬೇಕು. ಲಂಡನ್ನಿಗೂ ಕರಾಚಿಗೂ ನಡುವೆ ಎಷ್ಟು ದೂರ ಎಂಬ ಪ್ರಶ್ನೆಗಿಂತ, ನಡುವೆ ಇಳಿಯಲು ಎಷ್ಟು ಊರುಗಳಿವೆ, ಅಲ್ಲಿ ಪೆಟ್ರೋಲ್ ಸಿಗುತ್ತದೆಯೇ ಎಂಬ ಪ್ರಶ್ನೆ ಮುಖ್ಯವಾಗಿತ್ತು.

ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿಯ ಅಬೂಕಿರ್ ಎಂಬಲ್ಲಿ ಜೆ.ಆರ್.ಡಿ. ಇಳಿದಾಗ ಎದುರುಗಡೆಯಿಂದ ಬಂದಿದ್ದ ಆಸ್ಪಿ ಅಲ್ಲಿ ಸಿಲುಕಿಕೊಂಡಿರುವುದನ್ನು ಕಂಡರು. ಎಂಜಿನಿನ ಸ್ಪಾರ್ಕ್ ಪ್ಲಗ್ ಕೆಟ್ಟಿತ್ತು. ಬದಲಿ ಪ್ಲಗ್ ಆ ಹುಡುಗನ ಬಳಿ ಇರಲಿಲ್ಲ. ಪಂದ್ಯದಲ್ಲಿ ಎದುರಾಳಿ ಸಿಲುಕಿಕೊಂಡಿದ್ದರೆ ಮೌನವಾಗಿ ಮುಂದೆ ಹಾರಿಹೋಗಲು ಯಾವ ನಿಯಮವೂ ಅಡ್ಡಿಯಾಗಿರಲಿಲ್ಲ. ಜೆ.ಆರ್.ಡಿ. ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್ಗುಗಳನ್ನು ತೆಗೆದುಕೊಟ್ಟರು. ಆಸ್ಪಿ ಕೃತಜ್ಞತೆಯಿಂದ ತನ್ನ ತೇಲುಕವಚವನ್ನು ಅವರಿಗೆ ಕೊಟ್ಟ. ಇಬ್ಬರೂ ತಮ್ಮ ತಮ್ಮ ದಿಕ್ಕಿಗೆ ಹಾರಿದರು.

ಮನಮೋಹನ್ ಸಿಂಗ್ ಮೊದಲು ಗುರಿ ಮುಟ್ಟಿದರೂ ಅವಧಿ ಮೀರಿದ್ದರಿಂದ ಬಹುಮಾನ ಕೈತಪ್ಪಿತು. ಜೆ.ಆರ್.ಡಿ. ಇಂಗ್ಲೆಂಡ್ ಮುಟ್ಟುವ ಮುನ್ನವೇ ಆಸ್ಪಿ ಕರಾಚಿ ಸೇರಿದ್ದ. ಬಹುಮಾನ ಆ ಹುಡುಗನದಾಯಿತು. ಆ ಗೆಲುವು ಆತನಿಗೆ ವಾಯುಪಡೆಯ ಬಾಗಿಲು ತೆರೆಯಿತು. 1960ರಲ್ಲಿ ಏರ್ ಮಾರ್ಷಲ್ ಆಸ್ಪಿ ಎಂಜಿನಿಯರ್ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ತಾವು ಸೋತ ಪಂದ್ಯದ ಬಗೆಗೆ ಜೆ.ಆರ್.ಡಿ. ಅವರಿಗೆ ಕೊನೆಯವರೆಗೂ ಸಂತೋಷವೇ ಇತ್ತು. ತರಗತಿಯ ಮೊದಲ ಸ್ಥಾನಕ್ಕಾಗಿ ಮಕ್ಕಳನ್ನು ದೂಡುವ ಹೆತ್ತವರು ಈ ಪ್ರಸಂಗವನ್ನು ಒಮ್ಮೆ ಮನೆಯಲ್ಲಿ ಹೇಳಿದರೆ ಒಳ್ಳೆಯದು.

ಎರಡು ಲಕ್ಷ ರೂಪಾಯಿಯ ಸಾಹಸ

ಇಂಪೀರಿಯಲ್ ಏರ್‌ವೇಸ್ ಸಂಸ್ಥೆ 1929ರಿಂದ ಲಂಡನ್–ಕರಾಚಿ ಅಂಚೆಸೇವೆ ನಡೆಸುತ್ತಿತ್ತು. ಸುಮಾರು ಒಂದು ವಾರದಲ್ಲಿ ಸಾವಿರಾರು ಕಿಲೋಮೀಟರ್ ದಾಟಿ ಬಂದ ಪತ್ರಗಳು ಕರಾಚಿಯಲ್ಲಿ ರೈಲನ್ನು ಏರಬೇಕಾಗಿತ್ತು. ಆಕಾಶದಲ್ಲಿ ಉಳಿಸಿದ ಸಮಯ ಹಳಿಯ ಮೇಲೆ ಸೋರಿಹೋಗುತ್ತಿತ್ತು. ಕರಾಚಿಯಿಂದ ಮುಂದಕ್ಕೂ ಅಂಚೆಯನ್ನು ಹಾರಿಸಿಕೊಂಡು ಹೋಗಬಾರದೇಕೆ ಎಂಬ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟವರು ಬ್ರಿಟಿಷ್ ವಾಯುಪಡೆಯ ಮಾಜಿ ಚಾಲಕ ನೆವಿಲ್ ವಿನ್ಸೆಂಟ್.

ಸಂಸ್ಥೆಯ ಅಧ್ಯಕ್ಷ ಸರ್ ದೋರಾಬ್ಜಿ ಟಾಟಾ ಅವರಿಗೆ ಈ ಹೊಸ ವ್ಯವಹಾರದಲ್ಲಿ ಹೆಚ್ಚಿನ ಒಲವಿರಲಿಲ್ಲ. ಜೆ.ಆರ್.ಡಿ. ಅವರ ಮಾರ್ಗದರ್ಶಕರಾಗಿದ್ದ ಜಾನ್ ಪೀಟರ್ಸನ್ ಅವರ ಮನವೊಲಿಸಿದರು. ಹೂಡಬೇಕಾದ ಹಣ ಎರಡು ಲಕ್ಷ ರೂಪಾಯಿ. ಸರ್ಕಾರ ಸಹಾಯಧನಕ್ಕೆ ಒಪ್ಪಲಿಲ್ಲ. ಮಾತುಕತೆಯಲ್ಲೇ ವರ್ಷಗಳು ಕಳೆದವು. ಕೊನೆಗೆ ಸಹಾಯಧನವೇ ಬೇಡವೆಂದು ಟಾಟಾ ಸಂಸ್ಥೆ ಹೇಳಿದ ಬಳಿಕ 1932ರ ಏಪ್ರಿಲ್ ತಿಂಗಳಲ್ಲಿ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಬಿತ್ತು. ಎರಡು ಪುಸ್ ಮಾತ್ ವಿಮಾನಗಳು, ಬೆರಳೆಣಿಕೆಯ ಸಿಬ್ಬಂದಿ, ಜುಹೂ ಕಡಲತೀರದ ಕೆಸರುನೆಲದ ಒಂದು ಮೈದಾನ: ಇಷ್ಟೇ ಅಂದಿನ ಟಾಟಾ ವಿಮಾನ ಸಂಸ್ಥೆಯ ಆಸ್ತಿ. ಮಳೆಗಾಲದಲ್ಲಿ ಜುಹೂ ಮೈದಾನ ನೀರಿನಡಿ ಹೋಗುತ್ತಿತ್ತು. ಆಗ ವಿಮಾನಗಳು ಪುಣೆಯಿಂದ ಹಾರಬೇಕಾಗುತ್ತಿತ್ತು.

ಆರಂಭದ ದಿನ ಕರಾಚಿಯಿಂದ ಹೊರಟ ಜೆ.ಆರ್.ಡಿ. ಅಹಮದಾಬಾದಿನಲ್ಲಿ ಇಳಿದರು. ಅವರ ವಿಮಾನಕ್ಕೆ ಬೇಕಾದ ಪೆಟ್ರೋಲ್ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದವು. ಅಲ್ಲಿಂದ ಹಾರಿ ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಜುಹೂ ಮೈದಾನದಲ್ಲಿ ಇಳಿದರು. ಅಲ್ಲಿಂದ ಮುಂದಿನ ಹಾದಿಯ ಹೊಣೆ ವಿನ್ಸೆಂಟ್ ಅವರದು. ಅವರು ದಕ್ಷಿಣದ ಅಂಚೆಯೊಡನೆ ಬಳ್ಳಾರಿಯತ್ತ ತಿರುಗಿದರು.

ಬಳ್ಳಾರಿ ಏಕೆ?

ಈ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ಪ್ರೌಢಶಾಲೆಯ ಮಕ್ಕಳು ಕಾಗದ ಪೆನ್ನು ಹಿಡಿದು ಕೂಡಬಹುದು.

ಕರಾಚಿಯಿಂದ ಅಹಮದಾಬಾದಿಗೆ ನೇರ ರೇಖೆಯಲ್ಲಿ ಸುಮಾರು 590 ಕಿಲೋಮೀಟರ್. ಅಲ್ಲಿಂದ ಮುಂಬಯಿಗೆ ಸುಮಾರು 440. ಎರಡೂ ಸೇರಿ 1,030. ಬೆಳಿಗ್ಗೆ 6.35ರಿಂದ ಮಧ್ಯಾಹ್ನ 1.50ರವರೆಗೆ ಏಳೂಕಾಲು ಗಂಟೆ. ಭಾಗಿಸಿದರೆ ಗಂಟೆಗೆ ಸರಾಸರಿ 142 ಕಿಲೋಮೀಟರ್ ಬರುತ್ತದೆ. ಪುಸ್ ಮಾತ್ ವಿಮಾನದ ಹಾರಾಟದ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ಆ ವೇಗದಲ್ಲಿ 1,030 ಕಿಲೋಮೀಟರ್ ದಾಟಲು ಸುಮಾರು ಆರೂವರೆ ಗಂಟೆ ಸಾಕು. ಗಾಳಿಯ ಲೆಕ್ಕವನ್ನು ಬದಿಗಿಟ್ಟರೆ, ಉಳಿದ ಮುಕ್ಕಾಲು ಗಂಟೆ ಕಳೆದುದು ನೆಲದ ಮೇಲೆ, ಎತ್ತಿನ ಗಾಡಿಯ ಪಕ್ಕದಲ್ಲಿ.

ಮುಂಬಯಿಯಿಂದ ಬಳ್ಳಾರಿಗೆ ಸುಮಾರು 615 ಕಿಲೋಮೀಟರ್, ಅಂದರೆ ಸುಮಾರು ನಾಲ್ಕು ಗಂಟೆಯ ಹಾರಾಟ. ಬಳ್ಳಾರಿಯಿಂದ ಮದರಾಸಿಗೆ ಸುಮಾರು 430 ಕಿಲೋಮೀಟರ್, ಅಂದರೆ ಇನ್ನೂ ಎರಡೂಮುಕ್ಕಾಲು ಗಂಟೆ. ಮಧ್ಯಾಹ್ನ ಎರಡರ ಬಳಿಕ ಮುಂಬಯಿ ಬಿಟ್ಟ ವಿಮಾನ ಬಳ್ಳಾರಿ ತಲುಪುವಾಗ ಅಕ್ಟೋಬರಿನ ಸೂರ್ಯ ಮುಳುಗುವ ಹೊತ್ತು. ದೀಪವಿಲ್ಲದ ಮೈದಾನಗಳ ಕಾಲದಲ್ಲಿ ಅಲ್ಲಿಂದ ಮುಂದೆ ಹಾರುವಂತಿಲ್ಲ. ಹೀಗೆ ಮುಂಬಯಿಗೂ ಮದರಾಸಿಗೂ ನಡುವೆ ಒಂದು ಊರು ಆಸರೆಯಾಗಬೇಕಿತ್ತು. ಒಂದು ಹಗಲಿನಲ್ಲಿ ತಲುಪಬಹುದಾದ, ಮರುದಿನ ಬೆಳಗಿನ ಹಾರಾಟಕ್ಕೆ ಅನುಕೂಲವಾದ ಊರು ಬಳ್ಳಾರಿಯಾಗಿತ್ತು. ಅಂಚೆ ಮದರಾಸು ತಲುಪಿದ್ದು ಅಕ್ಟೋಬರ್ 16ರಂದು.

ಅಂದಿನ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಜಿಲ್ಲೆಯಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಈ ಮೂರು ತಾಲೂಕುಗಳು ಆ ಕಡೆಗೆ ಹೋದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಇಂದು ಆದೋನಿಯಲ್ಲೋ ರಾಯದುರ್ಗದಲ್ಲೋ ಕನ್ನಡ ಶಾಲೆಗೆ ಹೋಗುವ ಮಗು ಈ ಪ್ರಸಂಗವನ್ನು ಪರರಾಜ್ಯದ ಕಥೆಯೆಂದು ಓದಬೇಕಾಗಿಲ್ಲ. ದೇಶದ ಮೊದಲ ಅಂಚೆವಿಮಾನ ಮಾರ್ಗದ ನಿಲ್ದಾಣವಿದ್ದುದು ಆ ಮಗುವಿನ ಮುತ್ತಜ್ಜನ ಜಿಲ್ಲೆಯಲ್ಲಿ. ಮುಂದೆ ಆ ಮಾರ್ಗ ಹೈದರಾಬಾದಿನ ಮೂಲಕ ಸಾಗಿ ಬಳ್ಳಾರಿಯ ಪಾತ್ರ ಕೊನೆಗೊಂಡಿತು. ಆದರೂ ಮೊದಲ ಹೆಜ್ಜೆಯಲ್ಲಿ ಅದಕ್ಕೆ ಸಂದ ಸ್ಥಾನ ಶಾಶ್ವತ.

ಪಶ್ಚಿಮ ಕರಾವಳಿಗೂ ಇಂಥದೇ ನಂಟಿದೆ. 1935ರ ಅಕ್ಟೋಬರ್ ಕೊನೆಯಲ್ಲಿ ಟಾಟಾ ಸಂಸ್ಥೆ ಮುಂಬಯಿಯಿಂದ ಗೋವಾ, ಕಣ್ಣೂರು ಮಾರ್ಗವಾಗಿ ತಿರುವನಂತಪುರಕ್ಕೆ ಸೇವೆ ಆರಂಭಿಸಿತು. ಗೋವಾ ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಗೋವಾಕ್ಕೂ ಕಣ್ಣೂರಿಗೂ ನಡುವಿನ ಉದ್ದನೆಯ ಕರಾವಳಿ ಕನ್ನಡ, ತುಳು, ಕೊಂಕಣಿ, ಮಲಯಾಳ ನುಡಿಗಳ ನೆಲ. ಕಾರವಾರ, ಮಂಗಳೂರು, ಕಾಸರಗೋಡು ಮೂರೂ ಆ ಎರಡು ನಿಲ್ದಾಣಗಳ ನಡುವೆಯೇ ಇವೆ.

ವೇಳೆಯೆಂಬ ವ್ರತ

ಮೊದಲ ವರ್ಷದಲ್ಲಿ ಆ ಪುಟ್ಟ ಸಂಸ್ಥೆಯ ವಿಮಾನಗಳು 1,60,000 ಮೈಲಿ, ಎಂದರೆ ಸುಮಾರು 2,57,000 ಕಿಲೋಮೀಟರ್ ಹಾರಿದವು. ಸುಮಾರು ಹತ್ತು ಟನ್ ಅಂಚೆ ಮತ್ತು 155 ಪ್ರಯಾಣಿಕರನ್ನು ಸಾಗಿಸಿದವು. 60,000 ರೂಪಾಯಿ ಲಾಭವೂ ಬಂತು. ಈ ಅಂಕಿಗಳಿಗಿಂತ ಮುಖ್ಯವಾದದ್ದು ಇನ್ನೊಂದು. ಮಳೆಗಾಲದ ಮೋಡ, ಸಹ್ಯಾದ್ರಿಯ ಬಿರುಗಾಳಿ, ಕೆಸರಿನ ಮೈದಾನ ಯಾವುದನ್ನೂ ನೆಪ ಮಾಡಿಕೊಳ್ಳದೆ ಅಂಚೆಯನ್ನು ನೂರಕ್ಕೆ ನೂರು ವೇಳೆಗೆ ಸರಿಯಾಗಿ ತಲುಪಿಸಿದುದನ್ನು ನಾಗರಿಕ ವಿಮಾನಯಾನ ಇಲಾಖೆಯ ವರದಿಯೇ ಮೆಚ್ಚಿಕೊಂಡಿತು.

ದಾಖಲೆ ಮುರಿಯುವ ಚಾಲಕರು ಆ ದಶಕದಲ್ಲಿ ಜಗತ್ತಿನಾದ್ಯಂತ ಇದ್ದರು. ಅವರ ಹೆಸರು ಪತ್ರಿಕೆಗಳ ಮುಖಪುಟದಲ್ಲಿ ಮಿಂಚುತ್ತಿತ್ತು. ದಾಖಲೆಯ ಪಯಣ ಒಮ್ಮೆ ಯಶಸ್ವಿಯಾದರೆ ಸಾಕು. ಅಂಚೆಯ ಪಯಣ ಹಾಗಲ್ಲ. ಕಳೆದ ವಾರ ಬಂದ ವಿಮಾನ ಈ ವಾರವೂ ಬರಬೇಕು, ಮುಂದಿನ ವಾರವೂ ಬರಬೇಕು. ಮದರಾಸಿನಲ್ಲಿ ಪತ್ರಕ್ಕಾಗಿ ಕಾಯುವವನಿಗೆ ಚಾಲಕನ ಶೌರ್ಯ ಬೇಕಿಲ್ಲ, ಪತ್ರ ಬೇಕು. ಈ ಸರಳ ಸತ್ಯವನ್ನು ಜೆ.ಆರ್.ಡಿ. ತಮ್ಮ ಸಂಸ್ಥೆಯ ಧರ್ಮವಾಗಿ ಮಾಡಿದರು. ಅವರ ಸಹಚರ ವಿನ್ಸೆಂಟ್ 1942ರಲ್ಲಿ ಬ್ರಿಟನ್ನಿನಿಂದ ಭಾರತಕ್ಕೆ ಮರಳುವಾಗ ಯುದ್ಧಕಾಲದ ಆಕಾಶದಲ್ಲಿ ವಿಮಾನದೊಡನೆ ಕಣ್ಮರೆಯಾದರು. ಆ ನಷ್ಟ ಜೆ.ಆರ್.ಡಿ. ಅವರನ್ನು ಬಹಳ ನೋಯಿಸಿತು.

1938ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಅವರು ಟಾಟಾ ಸಮೂಹದ ಅಧ್ಯಕ್ಷರಾದರು. ಅರ್ಧ ಶತಮಾನಕ್ಕೂ ಮೀರಿ ಆ ಹೊಣೆ ನಿರ್ವಹಿಸಿದರು. ಉಕ್ಕು, ರಾಸಾಯನಿಕ, ವಾಹನ ತಯಾರಿಕೆಯ ಉದ್ಯಮಗಳು ಬೆಳೆದವು. ಹೋಮಿ ಭಾಭಾ ಅವರ ಬೆಂಬಲಕ್ಕೆ ನಿಂತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸಾಧ್ಯವಾಗಿಸಿದರು. 1945ರಲ್ಲಿ ಅದು ಮೊದಲು ಕೆಲಸ ಆರಂಭಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. 1988ರಲ್ಲಿ ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಅಧ್ಯಕ್ಷತೆಯ ಕೊನೆಯ ದಶಕದಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಉದ್ಯಮ ನಿಗಮ ಕೂಡಿ ಹೊಸೂರಿನಲ್ಲಿ ಟೈಟಾನ್ ಗಡಿಯಾರ ಕಾರ್ಖಾನೆಯನ್ನು ಕಟ್ಟಿದವು.

ಮುಂಬಯಿಯಿಂದ ಲಂಡನ್ನಿಗೆ

1946ರಲ್ಲಿ ಟಾಟಾ ಏರ್‌ಲೈನ್ಸ್ ಸಾರ್ವಜನಿಕ ಕಂಪನಿಯಾಗಿ ಏರ್ ಇಂಡಿಯಾ ಎಂಬ ಹೆಸರು ಪಡೆಯಿತು. ಎರಡೇ ವರ್ಷದಲ್ಲಿ ಸರ್ಕಾರದ ಪಾಲುದಾರಿಕೆಯೊಡನೆ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಹುಟ್ಟಿತು. 1948ರ ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ಎಂಬ ಹೆಸರಿನ ಲಾಕ್‌ಹೀಡ್ ಕಾನ್‌ಸ್ಟೆಲೇಷನ್ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಜೆ.ಆರ್.ಡಿ. ಕೂಡ ಪ್ರಯಾಣಿಕರೊಡನೆ ಇದ್ದರು. ವಿಮಾನ ಲಂಡನ್ ತಲುಪಿದ್ದು ಜೂನ್ 10ರಂದು. ಸ್ವತಂತ್ರ ಭಾರತದ ಧ್ವಜ ಹೊತ್ತ ವಿಮಾನ ಯುರೋಪಿನ ನೆಲವನ್ನು ಮುಟ್ಟಿದಾಗ ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿರಲಿಲ್ಲ.

ಇಲ್ಲಿಯೂ ದೂರದ ಲೆಕ್ಕವಿದೆ. ಶಾಲೆಯ ಭೂಗೋಳದ ಮೇಲೆ ಮುಂಬಯಿಗೂ ಲಂಡನ್ನಿಗೂ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿ. ಅದು ಇರಾನ್ ಮತ್ತು ಕಾಕಸಸ್ ಪರ್ವತಗಳ ಮೇಲೆ ಹಾಯುತ್ತದೆ. ಉದ್ದ ಸುಮಾರು 7,200 ಕಿಲೋಮೀಟರ್. ಗೋಡೆಯ ನಕ್ಷೆಯಲ್ಲಿ ನೇರವೆಂದು ಕಾಣುವ ಗೆರೆ ಭೂಮಿಯ ಮೇಲೆ ಅತಿ ಹತ್ತಿರದ ದಾರಿಯಲ್ಲ, ಏಕೆಂದರೆ ಭೂಮಿ ಗುಂಡಾಗಿದೆ. ಮಲಬಾರ್ ಪ್ರಿನ್ಸೆಸ್ ಈ ಹತ್ತಿರದ ದಾರಿಯನ್ನು ಹಿಡಿಯಲಿಲ್ಲ. ಅದಕ್ಕೆ ಇಂಧನ ಬೇಕಿತ್ತು, ಕೈರೋದಲ್ಲೂ ಜಿನೀವಾದಲ್ಲೂ ಇಳಿಯಬೇಕಿತ್ತು. ಅದು ಹಾರಿದ ದೂರ ಸುಮಾರು 8,000 ಕಿಲೋಮೀಟರ್.

1960ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಬಂದವು. ಅದೇ ವರ್ಷ ಏರ್ ಇಂಡಿಯಾ ನ್ಯೂಯಾರ್ಕ್ ಮುಟ್ಟಿತು. 1962ರಲ್ಲಿ ತನ್ನ ಎಲ್ಲ ಸೇವೆಗಳನ್ನೂ ಜೆಟ್ ವಿಮಾನಗಳಿಂದಲೇ ನಡೆಸುವ ಜಗತ್ತಿನ ಮೊದಲ ಸಂಸ್ಥೆಯೆಂಬ ಹೆಸರು ಪಡೆಯಿತು. ಇಂದು ಮುಂಬಯಿಯಿಂದ ಲಂಡನ್ನಿಗೆ ತಡೆರಹಿತ ಹಾರಾಟ ಒಂಬತ್ತು–ಹತ್ತು ಗಂಟೆಯದು. ಮರಳುವಾಗ ತುಸು ಕಡಿಮೆ ಸಾಕು, ಏಕೆಂದರೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ವಿಮಾನವನ್ನು ಹಿಂದಿನಿಂದ ನೂಕುತ್ತದೆ. ಒಂದೇ ದೂರ, ಎರಡು ಬೇರೆ ಸಮಯ.

1953ರಲ್ಲಿ ಸರ್ಕಾರ ವಿಮಾನ ಸಂಸ್ಥೆಗಳನ್ನು ರಾಷ್ಟ್ರೀಕರಣಗೊಳಿಸಿತು. ಜೆ.ಆರ್.ಡಿ. ಈ ಕ್ರಮವನ್ನು ಒಪ್ಪಿರಲಿಲ್ಲ. ಆದರೂ ಏರ್ ಇಂಡಿಯಾದ ಅಧ್ಯಕ್ಷತೆ ವಹಿಸಿಕೊಳ್ಳಲು ಸರ್ಕಾರ ಕೇಳಿದಾಗ ಹಿಂದೆಗೆಯಲಿಲ್ಲ. ಸಂಬಳವಿಲ್ಲದೆ ಇಪ್ಪತ್ತೈದು ವರ್ಷ ದುಡಿದರು. ವಿಮಾನ ಹತ್ತಿದಾಗಲೆಲ್ಲ ಅವರ ಕೈಯಲ್ಲಿ ಟಿಪ್ಪಣಿ ಪುಸ್ತಕವಿರುತ್ತಿತ್ತು. ಪರದೆಯ ಬಣ್ಣ, ಕಾಫಿಯ ರುಚಿ, ಶೌಚಾಲಯದ ಸ್ವಚ್ಛತೆ, ಹೊರಡುವ ಮತ್ತು ತಲುಪುವ ವೇಳೆ ಯಾವುದೂ ಆ ಪುಸ್ತಕದಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. 1978ರ ಫೆಬ್ರವರಿಯಲ್ಲಿ ಮೊರಾರ್ಜಿ ದೇಸಾಯಿ ಅವರ ಸರ್ಕಾರ ಅವರನ್ನು ಆ ಸ್ಥಾನದಿಂದ ಕೈಬಿಟ್ಟಿತು. ತಾವೇ ಹುಟ್ಟಿಸಿ ಬೆಳೆಸಿದ ಸಂಸ್ಥೆಯಿಂದ ದೂರವಾದುದು ಅವರ ಬಾಳಿನ ದೊಡ್ಡ ನೋವುಗಳಲ್ಲೊಂದು. 1980ರಲ್ಲಿ ಇಂದಿರಾ ಗಾಂಧಿ ಅವರ ಸರ್ಕಾರ ಅವರನ್ನು ಆಡಳಿತ ಮಂಡಳಿಗೆ ಮತ್ತೆ ಕರೆತಂದಿತು. ಅಧ್ಯಕ್ಷ ಪದವಿ ಮಾತ್ರ ಮರಳಲಿಲ್ಲ.

ಮತ್ತೊಮ್ಮೆ ಕರಾಚಿಯಿಂದ

1982ರ ಅಕ್ಟೋಬರ್ 15. ಮೊದಲ ಪಯಣಕ್ಕೆ ಐವತ್ತು ವರ್ಷ. ಜೆ.ಆರ್.ಡಿ. ಅವರಿಗೆ 78. ಹಳೆಯ ಲೆಪರ್ಡ್ ಮಾತ್ ವಿಮಾನವೊಂದನ್ನು ಸಜ್ಜುಗೊಳಿಸಿ, ಅವರು ಒಂಟಿಯಾಗಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಹಾರಿಬಂದರು. ತರುಣರಲ್ಲಿ ಸಾಹಸದ ಕಿಡಿ ಆರುತ್ತಿದೆಯೆಂಬ ಕಳವಳ ಅವರಿಗಿತ್ತು. ಮಾತಿನಲ್ಲಿ ಹೇಳುವ ಬದಲು ಹಾರಿ ತೋರಿಸಿದರು. ಇಳಿದದ್ದು ಅದೇ ಜುಹೂ ನೆಲದಲ್ಲಿ.

ಮೊದಲ ಪಯಣದಲ್ಲಿ ಕರಾಚಿ ಮತ್ತು ಮುಂಬಯಿ ಒಂದೇ ದೇಶದ ಎರಡು ಬಂದರುಗಳಾಗಿದ್ದವು. ಎರಡನೆಯ ಪಯಣದ ಹೊತ್ತಿಗೆ ನಡುವೆ ಅಂತರರಾಷ್ಟ್ರೀಯ ಗಡಿ ಎದ್ದು ಮೂವತ್ತೈದು ವರ್ಷಗಳಾಗಿದ್ದವು, ಯುದ್ಧಗಳೂ ನಡೆದಿದ್ದವು. ಆ ಮುದುಕ ಗಡಿಯನ್ನು ದಾಟಿ ಬಂದ ದಿನ ಕನಿಷ್ಠ ಆಕಾಶದಲ್ಲಿ ಹಳೆಯ ದಾರಿ ಮತ್ತೆ ತೆರೆದಿತ್ತು.

ಇಂದು ಕರಾಚಿಗೂ ಮುಂಬಯಿಗೂ ನಡುವೆ ನೇರ ವಿಮಾನ ಸೇವೆಯಿಲ್ಲ. ನೇರ ರೇಖೆಯಲ್ಲಿ ದೂರ ಸುಮಾರು 870 ಕಿಲೋಮೀಟರ್ ಮಾತ್ರ. ಜೆಟ್ ವಿಮಾನಕ್ಕೆ ಒಂದೂವರೆ ಗಂಟೆಯ ಕೆಲಸ. ದುಬೈ ಮೂಲಕ ಸುತ್ತಿ ಹೋಗಬೇಕಾದರೆ ಹಾರಬೇಕಾದ ದೂರ ಸುಮಾರು 3,100 ಕಿಲೋಮೀಟರ್. ನಡುವೆ ಮುಂದಿನ ವಿಮಾನಕ್ಕಾಗಿ ಕಾಯುವ ಗಂಟೆಗಳನ್ನೂ ಸೇರಿಸಿದರೆ, 1932ರಲ್ಲಿ ಗಂಟೆಗೆ 160 ಕಿಲೋಮೀಟರ್ ವೇಗದ ಪುಟ್ಟ ವಿಮಾನ ತೆಗೆದುಕೊಂಡ ಏಳೂಕಾಲು ಗಂಟೆಗಿಂತ ಇಂದಿನ ಪಯಣ ಹೆಚ್ಚು ಹೊತ್ತು ಹಿಡಿದರೂ ಅಚ್ಚರಿಯಿಲ್ಲ. ಯಂತ್ರದ ವೇಗ ಐದು ಪಟ್ಟು ಹೆಚ್ಚಿದೆ. ಊರುಗಳು ಮಾತ್ರ ಒಂದರಿಂದ ಒಂದು ದೂರ ಸರಿದಿವೆ. ದೂರವನ್ನು ಹಿಗ್ಗಿಸುವ ಶಕ್ತಿ ನಕ್ಷೆಯ ಮೇಲಿನ ಗೆರೆಗೆ ಎಷ್ಟಿದೆಯೆಂಬುದನ್ನು ಗಡಿನಾಡಿನ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಪಕ್ಕದ ಊರಿನ ಕಾಲೇಜು ಬೇರೆ ರಾಜ್ಯದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿ, ಪ್ರಮಾಣಪತ್ರ, ಮೀಸಲಾತಿಗಳ ಸುತ್ತುದಾರಿ ಹಿಡಿಯುವ ಮಕ್ಕಳು ನಮ್ಮ ಪ್ರತಿ ಶಾಲೆಯಲ್ಲೂ ಇದ್ದಾರೆ.

ಕೊನೆಯ ನಿಲ್ದಾಣ

1992ರಲ್ಲಿ ಭಾರತ ಸರ್ಕಾರ ಜೆ.ಆರ್.ಡಿ. ಅವರಿಗೆ ಭಾರತರತ್ನ ನೀಡಿತು. ಉದ್ಯಮಿಯೊಬ್ಬರು ಬದುಕಿರುವಾಗಲೇ ಈ ಗೌರವ ಪಡೆದದ್ದು ಅಪರೂಪದ ಸಂಗತಿ. 1993ರ ನವೆಂಬರ್ 29ರಂದು ಜಿನೀವಾದಲ್ಲಿ ಅವರು ಕೊನೆಯುಸಿರೆಳೆದರು. ತಾವು ಹುಟ್ಟಿದ ಪ್ಯಾರಿಸ್ ನಗರದ ಪೇರ್ ಲಾಶೇಸ್ ಸ್ಮಶಾನದಲ್ಲಿ ಮಣ್ಣಾದರು. ಭಾರತದ ಸಂಸತ್ತು ಅವರ ಗೌರವಾರ್ಥ ಕಲಾಪವನ್ನು ಮುಂದೂಡಿತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತೆ ಟಾಟಾ ಸಮೂಹದ ಕೈಸೇರಿತು. ಅದನ್ನು ನೋಡಲು ಅವರು ಇರಲಿಲ್ಲ.

ನಮ್ಮ ಶಾಲೆಗಳ ಏಳನೆಯ, ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಸೂಚಿಸಬಹುದು. ಭೂಪಟವನ್ನು ಹರಡಿ ಕರಾಚಿ, ಅಹಮದಾಬಾದ್, ಮುಂಬಯಿ, ಬಳ್ಳಾರಿ, ಮದರಾಸು ಈ ಐದು ಊರುಗಳಿಗೆ ಚುಕ್ಕೆಯಿಟ್ಟು ಗೆರೆ ಎಳೆಯಲಿ. ನಾಲ್ಕು ತುಂಡುಗಳನ್ನು ಅಳತೆಪ್ರಮಾಣದಿಂದ ಅಳೆದು ಕೂಡಲಿ. 2,000 ಕಿಲೋಮೀಟರಿಗಿಂತ ತುಸು ಹೆಚ್ಚು ಬರಬೇಕು. ಬಳಿಕ ಕರಾಚಿಯಿಂದ ಮದರಾಸಿಗೆ ಒಂದೇ ಗೆರೆ ಎಳೆದು ಅಳೆಯಲಿ. ಸುಮಾರು 1,900 ಬರುತ್ತದೆ. ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಏಕೆಂದು ಕೇಳಿ. ನಡುವಿನ ಊರುಗಳಲ್ಲಿ ಇಳಿಯಬೇಕಾಗಿದ್ದುದರಿಂದ ಎಂದು ಮಗು ಹೇಳಿದರೆ, ಇಳಿಯದೆ ಹೋಗಿದ್ದರೆ ಆ ಪತ್ರಗಳು ಎಲ್ಲಿ ಉಳಿಯುತ್ತಿದ್ದವು ಎಂದು ಮತ್ತೊಮ್ಮೆ ಕೇಳಿ. ಆ ಗೆರೆಯ ಮೇಲೆ ಬಳ್ಳಾರಿಯ ಪಕ್ಕದಲ್ಲೇ ಆದೋನಿ ಮತ್ತು ರಾಯದುರ್ಗಗಳಿಗೂ ಒಂದೊಂದು ಚುಕ್ಕೆ ಇಡಲು ಮಕ್ಕಳು ಮರೆಯದಿರಲಿ.